ಸದ್ದಿಲ್ಲದ ಕೋಣೆಯಿಂದ ಹೋದ ಫೋನು

ಹಿರಿಯೂರಿನಲ್ಲಿ ಟೈರ್ ಅಂಗಡಿಯೊಂದರ ಮೇಲೆ ಉದ್ದನೆಯ ಹಾಲ್ ಇದೆ. ಹನಿ ನೀರಾವರಿ ಪೈಪು ಮಾರುವ ಕಂಪನಿಯವರು ಅದನ್ನು ಬಾಡಿಗೆಗೆ ಹಿಡಿದಿದ್ದಾರೆ. ನಡುವೆ ಗೋಡೆಯಿಲ್ಲ, ಪರದೆಯಿಲ್ಲ. ಮೇಜುಗಳನ್ನು ಮದುವೆಮನೆಯ ಪಂಕ್ತಿಯ ಹಾಗೆ ಸಾಲಾಗಿ ಹಾಕಿದ್ದಾರೆ. ಒಬ್ಬರು ಸೀನಿದರೆ ಎಲ್ಲರೂ ಒಂದು ಕ್ಷಣ ಕೆಲಸ ನಿಲ್ಲಿಸುತ್ತಾರೆ. ತಲೆಯಲ್ಲಿ ಬಿಳಿಕೂದಲು ಬಂದ ಮೇಲೆ ನನ್ನ ಬಾಳಿನ ಮೊದಲ ನೌಕರಿ ಶುರುವಾದದ್ದು ಆ ಹಾಲಿನಲ್ಲಿ.

ಕೆಲಸ ಕಷ್ಟದ್ದಲ್ಲ. ನಮ್ಮ ಪೈಪು ಹಾಕಿಸಿಕೊಂಡ ರೈತರಿಗೆ ಫೋನ್ ಮಾಡಬೇಕು. ಎಲ್ಲಾದರೂ ಸೋರುತ್ತಿದೆಯೇ, ಕಟ್ಟಿಕೊಂಡಿದೆಯೇ ಎಂದು ವಿಚಾರಿಸಬೇಕು. ರಿಪೇರಿಯವರು ತೋಟಕ್ಕೆ ಬರುವ ದಿನವನ್ನು ಗೊತ್ತುಮಾಡಬೇಕು. "ದೀಪಾವಳಿ ತನಕ ನೋಡಾಣ ಮೇಡಂ. ರೈತ್ರು ನಿಮಗೆ ಒಗ್ಗಿದ್ರೆ ಖಾಯಂ ಮಾಡ್ಕಂತೀವಿ" ಎಂದಿದ್ದರು ಮ್ಯಾನೇಜರ್. ವಯಸ್ಸಿನಲ್ಲಿ ನನ್ನ ತಮ್ಮನಿಗಿಂತ ಚಿಕ್ಕವರು, ಕುರ್ಚಿ ದೊಡ್ಡದು.

ಆ 'ಖಾಯಂ' ನನಗೆ ಬೇಕೇಬೇಕಿತ್ತು. ಮನೆ ಹಸಿದು ಕೂತಿತ್ತು ಎಂದಲ್ಲ. ಬೆಳಿಗ್ಗೆ ಎಲ್ಲರೂ ಡಬ್ಬಿ ಹಿಡಿದು ಹೊರಟ ಮೇಲೆ ಬಾಗಿಲು ಹಾಕಿಕೊಳ್ಳುವವಳು ನಾನೊಬ್ಬಳೇ ಎಂಬುದು ಇಷ್ಟು ವರ್ಷಗಳಲ್ಲಿ ಸಾಕಾಗಿತ್ತು. ನನಗೂ ಒಂದು ಡಬ್ಬಿ, ನನಗೂ ಹೋಗುವುದಕ್ಕೊಂದು ಜಾಗ. ಕೆಲಸ ಸಿಕ್ಕ ದಿನವೇ ನಾದಿನಿಯಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಹೇಳಿಕೊಂಡಿದ್ದೆ. ಯಜಮಾನರು ಮಾತ್ರ, "ಆಗ್ಲಿಲ್ಲ ಅಂದ್ರೆ ಬಿಟ್ಬಿಡು. ಯಾರೂ ಏನೂ ಅಂದ್ಕಳಲ್ಲ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತಿನಲ್ಲಿ ನಾನು ಬಿಟ್ಟುಬರುತ್ತೇನೆ ಎಂಬುದು ಆಗಲೇ ತೀರ್ಮಾನವಾಗಿತ್ತು.

ನಾನು ಓದಿದ್ದು ಚಿತ್ರದುರ್ಗದ ಕಾನ್ವೆಂಟಿನಲ್ಲಿ. ಎದುರಿಗಿರುವವರಿಗೆ ಕೇಳಿಸಿದರೆ ಸಾಕು, ಅವರ ಹಿಂದಿನವರಿಗೆ ಕೇಳಿಸಿದರೆ ಅದು ಅಶಿಸ್ತು ಎಂದು ಸಿಸ್ಟರ್ ನಮ್ಮನ್ನು ತಿದ್ದಿದ್ದರು. ನಾನು ಕ್ಲಾಸ್ ಲೀಡರ್ ಬೇರೆ. ಮಿಸ್ ಇಲ್ಲದಾಗ ಮಾತಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ನನ್ನ ಅಧಿಕಾರವಾಗಿತ್ತು. ಟೈರ್ ಅಂಗಡಿ ಮೇಲಿನ ಹಾಲಿಗೆ ಕಾಲಿಟ್ಟ ದಿನ ನನ್ನ ಬಲಗೈ ತಾನಾಗಿಯೇ ಸೀಮೆಸುಣ್ಣ ಹುಡುಕಿತು.

ಬರೆಯುವುದಾಗಿದ್ದರೆ ಮೊದಲ ಹೆಸರು ಪಕ್ಕದ ಮೇಜಿನ ಅಕ್ಕನದು. ನನಗಿಂತ ಚಿಕ್ಕವಳು, ಹೊಸದುರ್ಗದ ಕಡೆಯವಳು. ಕಚೇರಿಯಲ್ಲಿ ಹಳಬಳಾದ್ದರಿಂದ ಎಲ್ಲರಿಗೂ ಅಕ್ಕ, ನನಗೂ ಅಕ್ಕ. ಅವಳ ಪ್ರಕಾರ ಫೋನು ಎಂದರೆ ಕೈಯಲ್ಲಿ ಹಿಡಿಯುವ ಒಂದು ಶಾಸ್ತ್ರ. ಊರು ಮುಟ್ಟಿಸುವುದು ಗಂಟಲೇ. ತೋಟದ ಈ ಬದುವಿನಿಂದ ಆ ಬದುವಿಗೆ ಕೂಗಿದ ಹಾಗೆ ಕೂಗುತ್ತಿದ್ದಳು. ನೇರವಾಗಿ ಪೈಪಿನ ಸುದ್ದಿಗೆ ಬರುತ್ತಲೂ ಇರಲಿಲ್ಲ. "ಯಜಮಾನ್ರೇ, ಊಟ ಆತಾ? ಮಳೆ ಬಂತಾ ಆ ಕಡೆ? ಸೊಸೆ ಬಾಣಂತನಕ್ ಹೋಗಿದ್ಲಲ್ಲ, ಬಂದ್ಲಾ?" ಎಂದು ಮನೆಯೆಲ್ಲ ಸುತ್ತಿ ಬಂದು, ಕೊನೆಗೆ ಹೊರಡುವವರು ಬಾಗಿಲಲ್ಲಿ ನಿಂತು ನೆನಪಿಸಿಕೊಳ್ಳುವಂತೆ, "ಅಂದಂಗೆ ಪೈಪು ಹೆಂಗೈತೆ?" ಎನ್ನುತ್ತಿದ್ದಳು.

ಎರಡನೆಯ ಹೆಸರು ಬಿಡಿಭಾಗ ನೋಡಿಕೊಳ್ಳುವ ಭಾಯಿಯದು. ಅವರು ಮಾತಿನಲ್ಲಿ ಮೃದು, ಕೈಯಲ್ಲಿ ಗದ್ದಲ. ಬಂದ ಪ್ರತಿಯೊಂದು ಪೈಪಿನ ತುಂಡನ್ನೂ ಊದಿ ನೋಡುತ್ತಿದ್ದರು. ಊದಿದಾಗ ಹಾಲ್ ಒಳಗೆ ಯಾವುದೋ ಎಮ್ಮೆ ಕೂಗಿದ ಹಾಗಾಗುತ್ತಿತ್ತು. ಇನ್ನು ಸಂಜೆ ನಾಲ್ಕಕ್ಕೆ ಮಂಡಕ್ಕಿ ಮೆಣಸಿನಕಾಯಿ ಬಂದರೆ ಮುಗಿಯಿತು. ಪೇಪರಿನ ಪೊಟ್ಟಣ ಬಿಚ್ಚುವ ಸರಪರ, ಅಷ್ಟೂ ಜನರ ಕರುಂ ಕುರುಂ, ಅದರ ಮಧ್ಯೆ ನಾನು ಅತ್ತ ಕಡೆಯವರಿಗೆ, "ನಮಸ್ಕಾರ, ತಮ್ಮ ಹೊಲದಲ್ಲಿ ನೀರಿನ ಹರಿವು ಸಮರ್ಪಕವಾಗಿದೆಯೇ?" ಎಂದು ಕೇಳುತ್ತಿದ್ದೆ.

"ಆಂ?" ಎನ್ನುತ್ತಿದ್ದರು ಅವರು.

ಉಪಾಯಗಳನ್ನು ಮಾಡಿದೆ. ಕಿವಿಗೆ ಹತ್ತಿ ಇಟ್ಟುಕೊಂಡೆ. ಅಕ್ಕನ ದನಿ ಹತ್ತಿಯೊಳಗಿಂದಲೂ ಬಂತು, ರೈತರ ದನಿ ಮಾತ್ರ ಬರಲಿಲ್ಲ. ಅಕ್ಕ ಕೂಗುವಾಗಲೆಲ್ಲ ಅವಳ ಕಡೆ ತಿರುಗಿ ನವಿರಾಗಿ ಮುಗುಳ್ನಕ್ಕೆ. ಕಾನ್ವೆಂಟಿನಲ್ಲಿ ಆ ನಗುವಿಗೆ 'ಸಾಕು ನಿಲ್ಲಿಸು' ಎಂದರ್ಥ. ಅಕ್ಕ ಅದನ್ನು ಸ್ನೇಹ ಎಂದುಕೊಂಡು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಕೊನೆಗೆ ಒಂದು ರಟ್ಟಿನ ಮೇಲೆ, ಗೆರೆ ಎಳೆದು, 'ದಯವಿಟ್ಟು ಮೆಲುದನಿಯಲ್ಲಿ ಮಾತನಾಡಿ' ಎಂದು ದುಂಡಗೆ ಬರೆದು ಮೇಜಿನ ಮೇಲೆ ನಿಲ್ಲಿಸಿದೆ.

ಅಕ್ಕ ಅದನ್ನು ಎತ್ತಿಕೊಂಡು ಇಡೀ ಹಾಲಿಗೆ ಕೇಳುವಂತೆ ಓದಿದಳು. "ಏನ್ ಅಕ್ಷರ ರೀ ಮೇಡಮ್ಮೋರೇ! ಮುತ್ತು ಪೋಣಿಸ್ದಂಗೈತೆ. ಭಾಯಿ, ನೋಡ್ರಿ ಇಲ್ಲಿ!"

ಭಾಯಿ ಪೈಪು ಕೆಳಗಿಟ್ಟು ಬಂದು ನೋಡಿದರು. "ಮಾಶಾಲ್ಲಾ. ಮೇಡಂ, ನಮ್ ಮಗ್ಳು ಮದ್ವೆ ಕಾರ್ಡ್ ಮೇಲೆ ಹೆಸ್ರು ನೀವೇ ಬರ್ಕೊಡ್ಬೇಕು" ಎಂದರು.

ರಟ್ಟು ಮೇಜಿನಿಂದ ಮೇಜಿಗೆ ಹೋಯಿತು. ಎಲ್ಲರೂ ಹೊಗಳಿದರು. ಯಾರೂ ಮೆಲುದನಿಯಲ್ಲಿ ಹೊಗಳಲಿಲ್ಲ.

ಇಷ್ಟಾದರೂ ನಾನು ಸಹಿಸಿಕೊಂಡು ಹೋಗುತ್ತಿದ್ದೆನೇನೋ. ಆದರೆ ತುರುವನೂರಿನ ಈರುಳ್ಳಿ ಹೊಲದವರೊಬ್ಬರು ಒಂದು ಬೆಳಿಗ್ಗೆ ಸಿಟ್ಟಿನಿಂದ ಫೋನ್ ಮಾಡಿದರು. "ಏನಮ್ಮ, ಗೇಟ್‌ವಾಲ್ ತೆರೀಬ್ಯಾಡ್ರಿ ಅಂದ್ರಿ. ಮುಚ್ಚಿ ಕುಂತಿದೀನಿ. ಈರುಳ್ಳಿ ತಲೆ ಬಗ್ಗಿಸ್ಕಂಡೈತೆ. ಎಲ್ಲಿ ನಿಮ್ ರಿಪೇರಿಯೋನು?"

ನಾನು ಹಾಗೆ ಹೇಳಿಯೇ ಇರಲಿಲ್ಲ. ವಿಚಾರಿಸಿದರೆ ಸಂಗತಿ ಹೀಗಿತ್ತು: ನಾನು ಅವರೊಡನೆ ಮಾತಾಡುತ್ತಿದ್ದ ಹೊತ್ತಿನಲ್ಲೇ ಅಕ್ಕ ಹೊಸದುರ್ಗದ ತೆಂಗಿನ ತೋಟದವರಿಗೆ, ರಿಪೇರಿಯವನು ಬರುವವರೆಗೆ ನೀರು ಬಿಡುವ ಗೇಟ್‌ವಾಲ್ ತೆರೆಯಬೇಡಿ ಎಂದು ಕೂಗಿದ್ದಳು. ನನ್ನ ಫೋನಿನೊಳಗಿಂದ ತುರುವನೂರಿಗೆ ತಲುಪಿದ್ದು ಆ ಮಾತು.

"ನಾನು ಹೇಳಿದ್ದು ಕೇಳಿಸ್ಲಿಲ್ವಾ ನಿಮಗೆ?" ಎಂದೆ.

"ನೀವೂ ಮಾತಾಡಿದ್ರಾ?" ಎಂದರು ಅವರು.

ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ, ಸಾಕ್ಷಿ ಸಿಕ್ಕಿತು ಎಂದು ಒಳಗೊಳಗೇ ಖುಷಿಯಾಯಿತು. ಆ ಹೊಲಕ್ಕೆ ಅಂದೇ ನೀರು ಬಿಡಿಸಿ, ಈರುಳ್ಳಿ ಚೇತರಿಸಿಕೊಂಡ ಸುದ್ದಿ ಬಂದ ಮೇಲೆ ಮ್ಯಾನೇಜರ್ ಬಳಿ ಹೋದೆ. ಗದ್ದಲದಿಂದ ಕೆಲಸಕ್ಕೆ ಆಗುವ ತೊಂದರೆಯ ಬಗ್ಗೆ ಪುಟ್ಟ ಭಾಷಣ ಮಾಡಿದೆ. ಅವರು ಪಾಪ, ಹಿಂದುಗಡೆ ಇದ್ದ ಹಳೆಯ ಪೈಪು ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು. ಅದಕ್ಕೆ ಬಾಗಿಲಿತ್ತು, ಬಾಗಿಲಿಗೆ ಚಿಲಕವೂ ಇತ್ತು.

ಅಕ್ಕ ನನ್ನ ಮೇಜಿನ ಒಂದು ಬದಿ ಹಿಡಿದು ಸಾಗಿಸಿಕೊಟ್ಟಳು. "ಒಬ್ರೇ ಕುಂತ್ಕಂಡು ಬ್ಯಾಸ್ರ ಆಗಲ್ವೇನ್ರಿ? ನಮ್ಮತ್ತೆ ಮುನಿಸ್ಕಂಡಾಗ ಹಿಂಗೇ ಕ್ವಾಣೆ ಸೇರ್ತಾರೆ ನೋಡ್ರಿ" ಎಂದಳು. ನಾನು ಅದೇ ಮುಗುಳ್ನಗೆ ನಕ್ಕೆ.

ಆ ಕೋಣೆಯನ್ನು ನಾನು ಮುದ್ದು ಮಾಡಿದೆ. ಮೇಜಿಗೆ ಮನೆಯಿಂದ ಕಸೂತಿಯ ಬಟ್ಟೆ ತಂದು ಹಾಸಿದೆ. ಕಿರಗುಟ್ಟುವ ಫ್ಯಾನಿಗೆ ಎಣ್ಣೆ ಬಿಡಿಸಿದೆ. ಬಾಗಿಲ ಸಂದಿಗೆ ಹಳೆಯ ಬೆಡ್‌ಶೀಟ್ ಸುರುಳಿ ಸುತ್ತಿ ಇಟ್ಟೆ. ಬಾಗಿಲು ಹಾಕಿದರೆ ನನ್ನ ಬಳೆಯ ಸದ್ದು ನನಗೇ ಕೇಳುವಷ್ಟು ಮೌನ. ಆ ಮೌನದಲ್ಲಿ ಕುಳಿತು, ಸಿಸ್ಟರ್ ಕೇಳಿಸಿಕೊಂಡಿದ್ದರೆ ಬೆನ್ನು ತಟ್ಟುತ್ತಿದ್ದರು ಎನ್ನುವಷ್ಟು ಚೆನ್ನಾಗಿ ಮಾತಾಡಿದೆ. "ನಮಸ್ಕಾರ. ತಮ್ಮ ಅಮೂಲ್ಯ ಸಮಯದ ಎರಡು ನಿಮಿಷ ಸಿಗಬಹುದೇ?"

ಫೋನುಗಳು ಟಪ್ ಟಪ್ ಎಂದು ಕಟ್ಟಾದವು.

ಸಿಗ್ನಲ್ ದೋಷ ಎಂದುಕೊಂಡೆ. ಮರುದಿನ ಹೊಳಲ್ಕೆರೆ ಕಡೆಯವರೊಬ್ಬರು ನನ್ನ ಮಾತನ್ನು ಪೂರ್ತಿ ಕೇಳಿ, ಪಕ್ಕದಲ್ಲಿದ್ದವರಿಗೆ, "ಮಿಷನ್ ಮಾತಾಡ್ತೈತೆ ಕಣೋ, ಒಂದ್ ಒತ್ತಾ ಎರಡ್ ಒತ್ತಾ?" ಎಂದು ಕೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು. ಸುತ್ತ ಅಷ್ಟು ಮೌನವಿತ್ತಲ್ಲ. ರಾಮಗಿರಿಯ ಹತ್ತಿರದ ವೃದ್ಧರೊಬ್ಬರಂತೂ ನಾನು ಅವರ ಹೊಲದ ವಿವರ ಹೇಳುತ್ತಿದ್ದ ಹಾಗೇ ರೇಗಿದರು. "ನನ್ ಹೊಲ ಎಷ್ಟೈತೆ ಅಂತ ನಿಂಗ್ಯಾರ್ ಹೇಳಿದ್ರು? ಈಗ ಓಟಿಪಿ ಕೇಳ್ತೀಯಾ ಅಲ್ವಾ? ಕೇಳು, ಕೇಳು ನೋಡಾಣ!" ಪಾಪ, ವಯಸ್ಸಾಗಿದೆ, ತಲೆ ಓಡುವುದಿಲ್ಲ ಎಂದುಕೊಂಡು ಮುಂದಿನ ನಂಬರ್ ಒತ್ತಿದೆ.

ಹಬ್ಬಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಮ್ಯಾನೇಜರ್ ಎಲ್ಲರನ್ನೂ ಹಾಲಿನಲ್ಲಿ ಸೇರಿಸಿದರು. ನಾನೂ ಕೋಣೆಯಿಂದ ಹೊರಬಂದು ನಿಂತೆ.

"ಎಲ್ರೂ ಹುಷಾರಾಗಿರ್ಬೇಕು" ಎಂದರು ಅವರು. "ಯಾರೋ ಒಬ್ಳು ಹೆಂಗ್ಸು ನಮ್ ಕಂಪ್ನಿ ಹೆಸ್ರು ಹೇಳ್ಕಂಡು ರೈತ್ರಿಗೆ ಫೋನ್ ಮಾಡ್ತವ್ಳೆ. ಮೂರ್ನಾಲ್ಕ್ ಊರಿಂದ ಕಂಪ್ಲೇಂಟ್ ಬಂದೈತೆ. ಹೊಲದ ಲೆಕ್ಕ ಎಲ್ಲಾ ಗೊತ್ತೈತಂತೆ ಅವ್ಳಿಗೆ. ಮೋಸದೋಳು."

"ಅಯ್ಯೋ ದೇವರೇ! ಎಂಥ ಜನ ಇರ್ತಾರೆ" ಎಂದೆ ನಾನು. ನಿಜವಾಗಿ ನೊಂದುಕೊಂಡು ಹೇಳಿದೆ. "ಪೊಲೀಸಿಗೆ ಹೇಳ್ಬೇಕು ಸರ್."

"ಹೇಳಾಣ ಅಂತಲೇ ಇದೀನಿ. ಬಬ್ಬೂರಿನ ಅಮ್ಮ ಒಬ್ರು ಚೆನ್ನಾಗಿ ಗುರ್ತು ಹಿಡಿದವ್ರೆ. ಭಾಳ ನಯವಾಗಿ ಮಾತಾಡ್ತಾಳಂತೆ, ಪಿಸುಪಿಸು ಅಂತ. ನಮ್ ಆಫೀಸಿಂದ ಫೋನ್ ಬಂದ್ರೆ ಹಿಂದ್ಗಡೆ ಸಂತೆ ಸೇರ್ದಂಗೆ ಗದ್ಲ ಇರ್ತೈತಲ್ಲ, ಆ ಹೆಣ್ಮಗ್ಳು ಕೂಗೋದು, ಆ ಪೈಪ್ ಊದೋದು. ಇವ್ಳ ಫೋನಲ್ಲಿ ಏನೂ ಇಲ್ವಂತೆ. ಎಲ್ಲೋ ಕ್ವಾಣೆ ಬಾಗ್ಲು ಹಾಕ್ಕಂಡು ಕದ್ದು ಮಾತಾಡ್ತಾಳೆ ಅಂದ್ರು."

ನಾನು ಆಗಲೂ ತಲೆಯಾಡಿಸುತ್ತಲೇ ಇದ್ದೆ. ಅಕ್ಕ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೋಣೆಯ ಬಾಗಿಲು ನೋಡಿದಳು.

"ಸರ್," ಎಂದಳು, "ಪೊಲೀಸ್ರು ಬ್ಯಾಡ. ಕಳ್ಳಿ ಇಲ್ಲೇ ಅವ್ಳೆ."

ನಗು ಟೈರ್ ಅಂಗಡಿಯವರೆಗೂ ಇಳಿಯಿತು. ಭಾಯಿ ಕಣ್ಣೊರೆಸಿಕೊಂಡರು. ನಾನು ಕಸೂತಿ ಬಟ್ಟೆಯಡಿ ಅಡಗಬಹುದೇ ಎಂದು ಯೋಚಿಸುತ್ತಿದ್ದೆ. ಮ್ಯಾನೇಜರ್ ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಮರ್ಯಾದೆಯಿಂದ, "ಮೇಡಂ, ಬೇಜಾರ್ ಮಾಡ್ಕಬ್ಯಾಡ್ರಿ. ನೀವು ಕ್ವಾಣೆ ಸೇರಿದ್ಮೇಲೆ ಒಬ್ರೂ ರಿಪೇರಿಗೆ ದಿನ ಕೊಟ್ಟಿಲ್ಲ. ಇದು ನಿಮಗೆ ಒಗ್ಗೋದಿಲ್ಲೇನೋ" ಎಂದರು. ಮನೆಯಲ್ಲಿ ಕೇಳಿದ್ದ ಮಾತೇ. ಅಲ್ಲಿ ಯಜಮಾನರು, ಇಲ್ಲಿ ಮ್ಯಾನೇಜರ್.

"ಒಂದು ಫೋನ್ ಮಾಡ್ತೀನಿ ಸರ್" ಎಂದೆ. "ಇಲ್ಲಿಂದಲೇ. ರಾಮಗಿರಿ ಅಜ್ಜನಿಗೆ."

ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕುಳಿತು ನಂಬರ್ ಒತ್ತಿದೆ. ಅಜ್ಜ ಎತ್ತಿಕೊಂಡರು. ಹಿಂದಿನಿಂದ ಗದ್ದಲ ಬೇಕಲ್ಲ. ನಾನು ಎಂದೂ ಆಡುತ್ತೇನೆ ಎಂದುಕೊಂಡಿರದ ಮಾತನ್ನು ಆಗ ಆಡಿದೆ: "ಅಕ್ಕ, ಸ್ವಲ್ಪ ಜೋರಾಗಿ ಮಾತಾಡ್ರಿ."

ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹಿಂಗ್ ಹೇಳಿ ಕೂಗ್ಸಿದ್ರೆ ಏನಂತ ಕೂಗ್ಲಿ? ನಾಚ್ಕೆ ಆಗ್ತೈತೆ" ಎಂದು ಪಿಸುಗುಟ್ಟಿದಳು. ಭಾಯಿಯ ಕಡೆ ನೋಡಿದೆ. ಪೈಪನ್ನು ತುಟಿಗಿಟ್ಟುಕೊಂಡು ನನ್ನನ್ನೇ ನೋಡುತ್ತ ಊದುವುದನ್ನು ಮರೆತಿದ್ದರು. ಇಡೀ ಹಾಲ್, ನಾನು ಆವತ್ತಿನವರೆಗೆ ಬೇಡಿದ್ದ ಅಷ್ಟೂ ಮೌನವನ್ನು ಆ ಒಂದು ಗಳಿಗೆಯಲ್ಲಿ ನನಗೆ ಕೊಟ್ಟಿತು.

"ಯಾರು? ಮತ್ತೆ ನೀನೇನಾ ಕಳ್ಳಿ?" ಎಂದಿತು ಫೋನು.

ಏನು ಬಂತೋ ಗೊತ್ತಿಲ್ಲ, ಎದ್ದು ನಿಂತೆ. ಹೊಟ್ಟೆಯೊಳಗಿಂದ ಕೂಗಿದೆ. "ಕಳ್ಳಿ ಅಲ್ಲ ಅಜ್ಜ! ಹಿರಿಯೂರಿಂದ, ಪೈಪ್ ಆಫೀಸಿಂದ! ಊಟ ಆತಾ? ಮಳೆ ಬಂತಾ ಆ ಕಡೆ? ಓಟಿಪಿ ಯಾರಿಗ್ ಬೇಕು, ನಿಮ್ ಪೈಪು ಸೋರ್ತೈತೋ ಇಲ್ವೋ, ಅದೊಂದು ಹೇಳ್ರಿ!"

ಅಜ್ಜ ನಿಧಾನವಾಗಿ, "ಹಂಗೆ ಬಾಯ್ಬಿಟ್ಟು ಕೇಳಮ್ಮ ಮತ್ತೆ" ಎಂದರು. "ಸೋರ್ತೈತೆ. ಬಾವಿ ಹತ್ರ. ಊಟ ಇನ್ನೂ ಇಲ್ಲ, ಸೊಸೆ ಮುದ್ದೆ ತಿರುವ್ತಾ ಅವ್ಳೆ. ಮಂಗಳವಾರ ಕಳ್ಸು, ಸೋಮವಾರ ನಾನು ಇರಲ್ಲ." ಅಲ್ಲಿಂದ ಅವರ ಮೊಣಕಾಲು ನೋವಿನವರೆಗೆ ಹೋದರು. ನಾನೂ ಹಿಂದೆಯೇ ಹೋದೆ. ನಡುವೆ ಕತ್ತರಿಸುವುದು ಹೇಗೆಂದು ಅಕ್ಕ ನನಗಿನ್ನೂ ಕಲಿಸಿರಲಿಲ್ಲ.

ಫೋನ್ ಇಟ್ಟಾಗ ಮ್ಯಾನೇಜರ್ ಮೆಟ್ಟಿಲ ಕಡೆ ಹೊರಟಿದ್ದರು. "ಹಬ್ಬ ಮುಗಿಸ್ಕಂಡು ಬರ್ರಿ ಮೇಡಂ" ಎಂದು ಇಳಿಯತೊಡಗಿದರು. ಬರ್ರಿ ಎಂದರೆ ಏನರ್ಥ? ಸಂಬಳ ತೆಗೆದುಕೊಂಡು ಹೋಗಲು ಬರಬೇಕೇ, ಕೆಲಸಕ್ಕೆ ಬರಬೇಕೇ? ಕೇಳೋಣವೆಂದು ಬಾಯಿ ತೆರೆದರೆ ಗಂಟಲಿನಿಂದ ಬರೀ ಗಾಳಿ ಬಂತು. ಒಂದೇ ಕೂಗಿಗೆ ದನಿ ಹೋಗಿತ್ತು.

ನನ್ನ ತುಟಿಯಾಡಿದ್ದನ್ನು ಅಕ್ಕ ನೋಡಿದಳು. ನಾಚಿಕೆ ಬಿಟ್ಟುಹೋಗಿತ್ತು. ಮೆಟ್ಟಿಲ ತಲೆಯಲ್ಲಿ ನಿಂತು, "ಸರ್! ಮೇಡಮ್ಮೋರಿಗೆ ಕೆಲ್ಸ ಖಾಯಮ್ಮಾ ಅಂತ ಕೇಳ್ತವ್ರೆ!" ಎಂದು ಕೂಗಿದಳು.

"ಖಾಯಂ, ಖಾಯಂ!" ಎಂದು ಕೆಳಗಿನಿಂದ ಉತ್ತರ ಬಂತು.

ಮೇಜನ್ನು ಅಂದೇ ಸಂಜೆ ಹಾಲಿಗೆ ತಂದು ಹಾಕಿದೆವು. ಈ ಸುದ್ದಿಯನ್ನು ಯಜಮಾನರಿಗೆ ಹೇಗೆ ಹೇಳಬೇಕು ಎಂದು ದಾರಿಗೆ ನಾಲ್ಕು ಮಾತು ಜೋಡಿಸಿಕೊಂಡು ಮೆಟ್ಟಿಲಿಳಿದೆ. ಕಾಫಿ ಕೊಟ್ಟು, ಸುಮ್ಮನೆ ನೆನಪಾದಂತೆ ಹೇಳಬೇಕು ಎಂದಿತ್ತು. ಟೈರ್ ಅಂಗಡಿಯವರು ಜಾಕ್ ಕೆಳಗಿಟ್ಟು ಎದ್ದರು.

"ಖಾಯಂ ಆತಂತಲ್ಲ ಮೇಡಂ! ನಿಮ್ ಯಜಮಾನ್ರು ಈಗ ತಾನೆ ಗಾಡಿಗೆ ಗಾಳಿ ಹಿಡಿಸ್ಕಂಡು ಹೋದ್ರು. ನೀವು ಫೋನಲ್ಲಿ ಕೂಗಿದ್ದು ಇಲ್ಲೀಗಂಟ ಕೇಳಿಸ್ತು ಅಂತ್ಲೂ ಹೇಳ್ದೆ. ಎರಡೆರಡ್ ಸಲ ಕೇಳಿದ್ರು, 'ನಮ್ಮೋಳಾ ಕೂಗಿದ್ದು?' ಅಂತ."