ಓಡುವ ಮೊದಲೇ ಕೊರೆದ ಹೆಸರು

ಹೋದ ತಿಂಗಳು ರಾಯಚೂರಿನ ಒಂದು ಪಾತ್ರೆ ಅಂಗಡಿಯಲ್ಲಿ ನಿಂತಿದ್ದೆ. ಓಣಿಯವರ ಗೃಹಪ್ರವೇಶಕ್ಕೆ ಕೊಡಲು ಸ್ಟೀಲಿನ ಕೊಡ ಕೊಂಡು ಅದರ ಮೇಲೆ ಹೆಸರು ಹಾಕಿಸಬೇಕಿತ್ತು. ಈಗ ಅದಕ್ಕೆ ಪೆನ್ನಿನಂಥ ಕರೆಂಟಿನ ಮಿಶಿನ್ ಬಂದಿದೆ. ಗುಂಯ್ ಅನ್ನುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅವತ್ತು ಕರೆಂಟು ಹೋಯಿತು. ಅಂಗಡಿಯ ಮುದುಕ ಬೇಸರ ಮಾಡಿಕೊಳ್ಳದೆ ಎಲ್ಲಿಂದಲೋ ಒಂದು ಸಣ್ಣ ಸುತ್ತಿಗೆಯನ್ನೂ ಚೂಪಾದ ಉಳಿಯನ್ನೂ ಹುಡುಕಿ ತಂದು, ಕೊಡವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಟಕ್, ಟಕ್, ಟಕ್ ಎಂದು ಚುಕ್ಕಿ ಇಡತೊಡಗಿದ. ಆ ಸದ್ದು ಕೇಳಿ ನಲವತ್ತು ವರ್ಷದ ಮೇಲಾಗಿತ್ತು. ದೇವದುರ್ಗದ ನಮ್ಮ ಮನೆ, ಹೊರಸುಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ, ಅದರೊಳಗೆ ತುಂಬಿದ ಒಣಹುಲ್ಲಿನ ವಾಸನೆ, ಎಲ್ಲ ಒಟ್ಟಿಗೇ ಬಂದು ಎದುರು ನಿಂತವು. ನೀವೂ ಎಂದಾದರೂ ಹಾಗೆ ಅಂಗಡಿಯ ಮುಂದೆ ಬೆಪ್ಪಾಗಿ ನಿಂತಿದ್ದರೆ ಮುಂದಿನದು ನಿಮಗೆ ಅರ್ಥವಾಗುತ್ತದೆ.

ಅದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪ ದೇವದುರ್ಗದಲ್ಲಿ ಹೈಸ್ಕೂಲು ಮಾಸ್ತರ. ಗಣಿತ ಕಲಿಸುತ್ತಿದ್ದ, ಆಟ ಆಡಿಸುತ್ತಿದ್ದ, ಉಳಿದ ಮಾಸ್ತರರು ಒಲ್ಲೆ ಅಂದ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಳ್ಳುತ್ತಿದ್ದ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೇಸಿಗೆ ಮಧ್ಯಾಹ್ನ ಊರೆಲ್ಲ ಕಾದ ಹಂಚಾಗಿದ್ದಾಗಲೂ ಅದರ ಪಡಸಾಲೆಯ ನೆಲ ತಣ್ಣಗಿರುತ್ತಿತ್ತು. ಸಂಕ್ರಾಂತಿ ಕಳೆದದ್ದೇ ಆ ಮನೆಗೆ ಗ್ಯಾದರಿಂಗಿನ ಗಾಳಿ ಹೊಡೆಯುತ್ತಿತ್ತು. ಗ್ಯಾದರಿಂಗ್ ಅಂದರೆ ಶಾಲೆಯ ವರ್ಷದ ಕೊನೆಯ ಹಬ್ಬ: ಓಟ, ಖೋಖೋ, ಹಾಡು, ನಾಟಕ, ಚಿತ್ರಗಳ ಪ್ರದರ್ಶನ, ಹತ್ತನೆಯವರಿಗೆ ಬೀಳ್ಕೊಡುಗೆ, ಕಟ್ಟಕಡೆಗೆ ಬಹುಮಾನ. ಹದಿನೈದು ದಿನ ನಾಟಕದ ತಾಲೀಮು ನಮ್ಮ ಪಡಸಾಲೆಯಲ್ಲೇ. ಆಯಿಯ, ಅಂದರೆ ಅಪ್ಪನ ಅವ್ವನ, ಟ್ರಂಕಿನೊಳಗಿನ ಇಳಕಲ್ ಸೀರೆಗಳು ರಾಣಿಯರ ಪಾಲಾಗುತ್ತಿದ್ದವು. ಮರಳಿ ಬಂದಾಗ ಅವಕ್ಕೆ ಮುಖಕ್ಕೆ ಬಳಿದ ಬಣ್ಣ ಮತ್ತು ಕೊಬ್ಬರಿ ಎಣ್ಣೆಯ ವಾಸನೆ. "ಇದು ಮನಿನೋ ಚಾವಡಿನೋ" ಅಂತ ಆಯಿ ದಿನಕ್ಕೆ ನಾಲ್ಕು ಸಲ ಗೊಣಗುತ್ತಿದ್ದಳು. ಗೊಣಗುತ್ತಲೇ ರಾಜನ ಮೀಸೆ ಸೊಟ್ಟಗಾಗಿದ್ದರೆ ಕರೆದು ಕಾಡಿಗೆಯಿಂದ ತಿದ್ದುತ್ತಿದ್ದಳು. ಅವ್ವ ಒಲೆಯ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಅವಳು ರೊಟ್ಟಿ ಬಡಿಯುವ ಸದ್ದು ನಾಟಕದ ಮಾತಿಗೆ ತಾಳ ಹಾಕಿದ ಹಾಗೆ ಕೇಳುತ್ತಿತ್ತು.

ಹತ್ತನೇ ಇಯತ್ತೆಯ ವರ್ಷ ಆ ಗದ್ದಲದೊಳಗೆ ಬೀರಮ್ಮನೂ ಬಂದು ಸೇರಿದಳು. ನನ್ನ ಬೆಂಚಿನವಳು. ಊರಿಂದ ಎರಡು ಹರದಾರಿ ಆಚೆಗಿದ್ದ ಕುರಿಗಾರರ ದೊಡ್ಡಿಯಿಂದ, ನಾಲ್ಕಾರು ಗುಡಿಸಲುಗಳ ಹಟ್ಟಿಯಿಂದ, ನಡೆದು ಬರುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕಾದ್ದರಿಂದ ಹಿಂದಿನ ಎರಡು ವರ್ಷ ಯಾವ ಆಟಕ್ಕೂ ನಿಂತಿರಲಿಲ್ಲ. ಆ ಸಲ ಅಪ್ಪನೇ ಅವಳ ತಂದೆ ಮಲ್ಲಪ್ಪನಿಗೆ ಹೇಳಿ, ಗ್ಯಾದರಿಂಗ್ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಇಟ್ಟುಕೊಂಡ. ಅವಳ ಕಂಬಳಿಯನ್ನು ಇಬ್ಬರೂ ಹೊದ್ದು ಮಲಗುತ್ತಿದ್ದೆವು. ಉಣ್ಣೆಯ ಆ ಘಾಟು ಮೊದಲೆರಡು ದಿನ ನನಗೆ ಸೇರಲಿಲ್ಲ. ಆಮೇಲೆ ಅದಿಲ್ಲದೆ ನಿದ್ದೆ ಹತ್ತಲಿಲ್ಲ. ಅವಳಿಗೆ ಬಾಯಿ ಕಡಿಮೆ, ಕಣ್ಣು ಜಾಸ್ತಿ. ನಾನೋ ಬಾಯಿಬಡಕಿ, ಮಾಸ್ತರ ಮಗಳೆಂಬ ಕೋಡು ಬೇರೆ. ಎಂಟನೇ, ಒಂಬತ್ತನೇ ಇಯತ್ತೆಗಳಲ್ಲಿ ಹುಡುಗಿಯರ ಓಟದಲ್ಲಿ ಮೊದಲು ಬಂದವಳು ನಾನೇ.

ಮೊದಲು ಬಂದವರಿಗೆ ನಮ್ಮ ಶಾಲೆಯಲ್ಲಿ ಸ್ಟೀಲಿನ ತಂಬಿಗೆ. ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸಾಕಾಗಿದ್ದ ಹೆಂಗಸರಿಗೆ ಆಗ ಸ್ಟೀಲ್ ಅಂದರೆ ಬೆಳ್ಳಿಗಿಂತ ಹೆಚ್ಚು. ಪ್ರತಿ ತಂಬಿಗೆಯ ಮೇಲೂ ಗೆದ್ದವರ ಹೆಸರು, ಆಟದ ಹೆಸರು, ಕೆಳಗೆ 'ಪ್ರಥಮ' ಎಂದು ಚುಕ್ಕಿಯಿಂದ ಕೊರೆದಿರುತ್ತಿತ್ತು. ವೇದಿಕೆಯ ಮೇಲೆ ಬಂದ ದೊಡ್ಡ ಅತಿಥಿಗಳು ಒಂದೊಂದೇ ತಂಬಿಗೆ ಎತ್ತಿ, ಅದರ ಮೇಲಿನ ಹೆಸರನ್ನೇ ಓದಿ ಕರೆಯುವುದು ಪದ್ಧತಿ. ಎರಡನೆಯವರಿಗೆ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ, ಅದಕ್ಕೆ ಹೆಸರಿಲ್ಲ. ಮಗಳನ್ನು ಬಿಟ್ಟು ಹೋಗಲು ಬಂದ ದಿನ ಮಲ್ಲಪ್ಪ ಪಡಸಾಲೆಯ ಕಂಬಕ್ಕೆ ಆತು ಕುಳಿತು ಅಪ್ಪನಿಗೆ ತನ್ನ ಕಷ್ಟ ಹೇಳಿದ. "ಆಕಿಗೆ ರಾಯಚೂರಿಗೆ ಹೋಗಿ ಓದೋ ಆಸಿ ಅದರೀ ಮಾಸ್ತರ. ನನಗೂ ಮನಸದ. ನಮ್ಮ ದೊಡ್ಡಿ ಹಿರ್ಯಾರು ಒಪ್ಪವಲ್ರು. ಹೆಣ್ಣುಹುಡುಗಿ ಸಾಲಿಗಿ ಹೋಗಿ ಏನ ತಂದಳು ಅಂತ ಕೇಳ್ತಾರ. ಆಕಿ ಹೆಸರು ಹಾಕಿದ್ದು ಒಂದು ತಂಬಿಗಿ ತಂದು ಅವರ ಮುಂದ ಇಟ್ರ, ಮುಂದಿಂದು ನಾ ನೋಡ್ಕೋತೀನಿ." ಬೀರಮ್ಮ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಮರುದಿನವೇ ಓಟಕ್ಕೆ ಹೆಸರು ಕೊಟ್ಟಳು.

ಹೆಸರು ಕೊರೆಸಲು ಬಿಡುವಿರಲೆಂದು ಎಲ್ಲ ಸ್ಪರ್ಧೆಗಳೂ ಗ್ಯಾದರಿಂಗಿಗೆ ನಾಲ್ಕು ದಿನ ಮೊದಲೇ ಮುಗಿಯಬೇಕಿತ್ತು. ಆದರೆ ಓಟದ ದಿನ ನನಗೆ ಕೆಂಡದಂಥ ಜ್ವರ. ಬೇರೆ ಯಾರಿಗೇ ಬಂದಿದ್ದರೂ ಓಟ ನಿಲ್ಲುತ್ತಿರಲಿಲ್ಲ; ಮಾಸ್ತರ ಮಗಳಿಗೆ ಬಂತೆಂದು ನಿಂತಿತು. ಗ್ಯಾದರಿಂಗಿನ ದಿನ ಬೆಳಿಗ್ಗೆಗೆ ಮುಂದೂಡಿದರು. ಈ ನಡುವೆ ಹೆಸರು ಹಾಕುವ ಖಾಸಿಂಸಾಬ, ಊರಿಗೆಲ್ಲ ಅವನೊಬ್ಬನೇ, ಅಕ್ಕನ ಮಗಳ ಮದುವೆಗೆಂದು ಹೊರಟು ನಿಂತ. ಅಪ್ಪ ಅವಸರದಲ್ಲಿ ತಂಬಿಗೆಗಳನ್ನೆಲ್ಲ ಅವನ ಅಂಗಡಿಗೆ ಹೊರಿಸಿಕೊಂಡು ಹೋದ. ಜ್ವರ ಬಿಟ್ಟಿದ್ದ ನಾನೂ ಹಿಂದೆ ಹೋದೆ. ಪಟ್ಟಿಯಲ್ಲಿ ಹುಡುಗಿಯರ ಓಟದ ಮುಂದೆ ಖಾಲಿ ಜಾಗ ನೋಡಿ ಖಾಸಿಂಸಾಬ ನಕ್ಕ. "ಹರ ವರ್ಷ ಈಕಿ ಹೆಸರ ಹೊಡೀತೀನಲ್ರೀ ಮಾಸ್ತರ. ಈ ಸಲ ಏನು ಫರಕ್ ಆಗ್ತದ?" ಅಪ್ಪ ನನ್ನ ಮುಖ ನೋಡಿ, ಆಯಿತೆಂದು ತಲೆಯಾಡಿಸಿದ. ಟಕ್, ಟಕ್, ಟಕ್. ಸರೋಜಾ. ಓಟ. ಪ್ರಥಮ. ಪ್ರತಿ ಚುಕ್ಕಿಗೂ ನನ್ನ ಎದೆ ಹಿಗ್ಗುತ್ತಿತ್ತು. ಮನೆಯಲ್ಲಿ ಆಯಿಗೆ ವಿಷಯ ತಿಳಿದಾಗ ಒಂದೇ ಮಾತು ಅಂದಳು: "ಕೂಸು ಹುಟ್ಟೂಕಿನ ಮುಂಚೆ ಕುಲಾಯಿ ಹೊಲಿಸಿದ್ರಂತ."

ತಂಬಿಗೆಗಳು ರಟ್ಟಿನ ಪೆಟ್ಟಿಗೆಯ ಒಣಹುಲ್ಲಿನ ಮೇಲೆ ಮಲಗಿ ನಮ್ಮ ಹೊರಸಿನ ಕೆಳಗೆ ಕುಳಿತವು. ಇಲ್ಲಿಯವರೆಗೆ ಅಪ್ಪನ ತಪ್ಪು. ಇನ್ನು ಮುಂದಿನದು ನನ್ನದು. ಓಟದ ಹಿಂದಿನ ಸಂಜೆ ನಾನು ಪೆಟ್ಟಿಗೆ ಎಳೆದು, ನನ್ನ ಹೆಸರಿನ ತಂಬಿಗೆ ಹೊರತೆಗೆದು ಬೀರಮ್ಮನಿಗೆ ತೋರಿಸಿದೆ. ಯಾಕೆ ತೋರಿಸಿದೆ? ಬಿಂಕ, ಮತ್ತೇನಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಚುಕ್ಕಿಗಳ ಮೇಲೆ ಬೆರಳಾಡಿಸಿ, ಮೂರೂ ಸಾಲು ಓದಿದಳು. "ಇನ್ನಾ ಓಡೇ ಇಲ್ಲಲ್ಲ ಸರೋಜಾ" ಅಂದಳು, ಅಷ್ಟೇ. ಅದೇ ಹೊತ್ತಿಗೆ ಅಡುಗೆಮನೆಯಿಂದ ಅಪ್ಪನ ಮಾತು ಕೇಳಿಸಿತು. ಅಪ್ಪ ಅವ್ವನಿಗೆ ಹೇಳುತ್ತಿದ್ದ: "ನಾ ಮಾಡಿದ್ದು ತಪ್ಪಾತು. ನಾಳೆ ಈಕಿ ಮೊದಲು ಬರಲಿಲ್ಲಂದ್ರ, ಮಗಳ ಹೆಸರು ಮೊದಲ ಹಾಕಿಸಿಟ್ಟ ಮಾಸ್ತರ ಅಂತ ಊರ ಮುಂದ ಮಾರಿ ಹ್ಯಾಂಗ ತೋರಿಸ್ಲಿ?" ಬೀರಮ್ಮ ತಂಬಿಗೆಯನ್ನು ಹುಲ್ಲಿನೊಳಗೆ ಮಲಗಿಸಿ, ಪೆಟ್ಟಿಗೆಯನ್ನು ಮೆಲ್ಲಗೆ ಒಳಗೆ ತಳ್ಳಿದಳು.

ಬೆಳಿಗ್ಗೆ ಎಂಟಕ್ಕೆ ಓಟ. ಮೈದಾನಕ್ಕೆ ಎರಡು ಸುತ್ತು, ಕೊನೆಯಲ್ಲಿ ಹಗ್ಗ. ಹಗ್ಗದ ಒಂದು ತುದಿ ಹಿಡಿದವನು ಅಪ್ಪ. ಮಲ್ಲಪ್ಪ ಬಿಳಿ ರುಮಾಲು ಸುತ್ತಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬೇವಿನ ಮರದ ಕೆಳಗೆ ಬಂದು ನಿಂತಿದ್ದ. ಮಗಳ ಶಾಲೆಯ ಮೈದಾನ ಅವನು ನೋಡಿದ್ದು ಅದೇ ಮೊದಲು. ಮೊದಲ ಸುತ್ತಿನಲ್ಲಿ ನಾನೇ ಮುಂದೆ. ಎರಡನೇ ಸುತ್ತಿನ ತಿರುವಿನಲ್ಲಿ ನನ್ನ ಪಕ್ಕದಿಂದ ಬೀರಮ್ಮ ದಾಟಿ ಹೋದಳು. ಅವಳ ಬರಿಗಾಲು ನೆಲ ಮುಟ್ಟಿದ ಸದ್ದೇ ಇರಲಿಲ್ಲ. ನಾನು ಹಲ್ಲು ಕಚ್ಚಿ ಓಡಿದರೂ ಅವಳ ಜಡೆ ದೂರವಾಗುತ್ತಲೇ ಹೋಯಿತು. ಹಗ್ಗ ಇನ್ನು ಹತ್ತು ಮಾರು ದೂರವಿತ್ತು. ಅವಳು ತಲೆಯೆತ್ತಿ ಎದುರಿಗೆ ನೋಡಿದಳು, ಹೆಜ್ಜೆ ಸಡಿಲ ಬಿಟ್ಟಳು. ಎಡವಲಿಲ್ಲ, ಬೀಳಲಿಲ್ಲ, ಕಾಲಿಗೆ ಮುಳ್ಳೂ ಚುಚ್ಚಲಿಲ್ಲ. ನಾನು ಅವಳನ್ನು ದಾಟುವಾಗ ಅವಳ ಉಸಿರು ನನ್ನ ಉಸಿರಿಗಿಂತ ಸಮಾಧಾನವಾಗಿತ್ತು. ನನಗೆ ಆಗಲೇ ಎಲ್ಲ ತಿಳಿದಿತ್ತು. ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಹಗ್ಗ ನನ್ನ ಎದೆಗೆ ತಾಗಿತು, ಹುಡುಗಿಯರು ಚಪ್ಪಾಳೆ ತಟ್ಟಿದರು.

ಸಂಜೆ ವೇದಿಕೆಯ ಮೇಲೆ ಗ್ಯಾಸ್‌ಬತ್ತಿಗಳು ಸುಯ್ಯೆನ್ನುತ್ತಿದ್ದವು, ಕೆಳಗೆ ಜಮಖಾನೆಯ ಮೇಲೆ ಊರೇ ಕುಳಿತಿತ್ತು. ಅತಿಥಿಗಳು ತಂಬಿಗೆ ಎತ್ತಿ ನನ್ನ ಹೆಸರು ಓದಿದರು. ನಾನು ಹೋಗಿ ತೆಗೆದುಕೊಂಡೆ. ಅದರಲ್ಲಿ ಬತ್ತಿಯ ಬೆಳಕೂ ನನ್ನ ಮುಖವೂ ಸೊಟ್ಟಗೆ ಕಂಡವು. ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಅಪ್ಪ ನನ್ನ ಮುಖ ನೋಡಲಿಲ್ಲ. ಅವನು ಒಳ್ಳೆಯ ಮನುಷ್ಯ. ಎಷ್ಟೋ ಮಕ್ಕಳಿಗೆ ಮನೆಯಲ್ಲಿಟ್ಟು ಅನ್ನ ಹಾಕಿ ಓದಿಸಿದವನು. ಆದರೆ ಅವತ್ತು ಸುಮ್ಮನಿದ್ದುಬಿಟ್ಟ, ನಾನೂ ಸುಮ್ಮನಿದ್ದೆ. ಬೀರಮ್ಮ ಬಂದು ನಸುಗೆಂಪು ಸೋಪಿನ ಡಬ್ಬಿ ಇಸಕೊಂಡು ಎಲ್ಲರಿಗೂ ಕೈಮುಗಿದು ಇಳಿದಳು. ನಾನು ಆಯಿಯ ಪಕ್ಕ ಹೋಗಿ ಕುಳಿತಾಗ ಅವಳು ತಂಬಿಗೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಉಂಡ ಮನಿ ಗಳ ಎಣಿಸಬಾರದು ಅಂತ ಆಕಿಗಿ ಗೊತ್ತಾತು. ಉಣಿಸಿದವರಿಗಿ ಏನ ಗೊತ್ತಾತು?" ಅಂದಳು, ನನಗೆ ಮಾತ್ರ ಕೇಳುವ ಹಾಗೆ.

ಮರುದಿನ ಬೆಳಿಗ್ಗೆ ಮಲ್ಲಪ್ಪ ಮಗಳನ್ನು ಕರೆದೊಯ್ಯಲು ಬಂದ. ಅವ್ವ ರೊಟ್ಟಿಯ ಮೇಲೆ ಹಿಂಡಿಪಲ್ಯ ಹಾಕಿ ಕೊಟ್ಟಳು. ಅವನು ಉಣ್ಣುತ್ತಿರುವಾಗ ಅಪ್ಪ ಎದುರಿಗೆ ಕುಳಿತು, ಇಲ್ಲಿ ಪರೀಕ್ಷೆ ಮುಗಿದ ಮೇಲೆ ಬೀರಮ್ಮನನ್ನು ರಾಯಚೂರಿಗೆ ಕಳಿಸೆಂದು ಬೇಡಿಕೊಂಡ ಹಾಗೆಯೇ ಹೇಳಿದ. ಮಲ್ಲಪ್ಪನಿಗೆ ಸಿಟ್ಟಿರಲಿಲ್ಲ. "ನಿಮ್ಮ ಮಾತು ತಗದು ಹಾಕಾಕತ್ತಿಲ್ರೀ ಯಪ್ಪಾ. ಆದ್ರ ಹಿರ್ಯಾರ ಮುಂದ ಏನ ಇಡ್ಲಿ? ಸೋಪಿನ ಡಬ್ಬಿ ಇಡ್ಲೇನು?" ನಾನು ಓಡಿಹೋಗಿ ತಂಬಿಗೆ ತಂದು ಬೀರಮ್ಮನ ಕೈಗಿಟ್ಟೆ. ಅವಳು ತಂದೆಗೆ ಕಾಣದ ಹಾಗೆ ತಿರುಗಿ ನಿಂತು ಅದನ್ನು ನನ್ನ ಕೈಗೇ ಒತ್ತಿದಳು. "ಇದನ್ನ ಒಯ್ದು ಏನ ಮಾಡ್ಲಿ ಬೇ? ಇದರ ಮ್ಯಾಲ ನೀನ ಇದ್ದಿ" ಅಂದಳು. ಪರೀಕ್ಷೆಗೆ ಬಂದಳು, ಪಾಸಾದಳು, ದೊಡ್ಡಿಗೆ ಹೋದಳು. ಅಷ್ಟಕ್ಕೇ ನಿಂತಿತು ಅವಳ ಶಾಲೆ.

ರಾಯಚೂರಿನ ಕಾಲೇಜಿಗೆ ಹೋದವಳು ನಾನು. ಅಪ್ಪನಿಗೆ ಮಾನ್ವಿಗೆ ವರ್ಗವಾಗಿ ಮನೆ ಬಿಟ್ಟೆವು. ಆಯಿ ಮಾನ್ವಿಯ ನೀರು ಒಗ್ಗಲಿಲ್ಲವೆಂದು ಗೊಣಗುತ್ತಲೇ ಎರಡು ವರ್ಷಕ್ಕೆ ಹೋಗಿಬಿಟ್ಟಳು. ಅಪ್ಪ ಆ ಮೇಲೆ ಎಷ್ಟೋ ಗ್ಯಾದರಿಂಗ್ ಮಾಡಿಸಿದ, ಆದರೆ ಹೆಸರಿಲ್ಲದ ತಂಬಿಗೆಗಳನ್ನೇ ಕೊಡಿಸಿದ. ಎಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ, ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು ಹೊತ್ತ ಒಬ್ಬಳು ಬಸ್ಸಿಗಾಗಿ ಓಡಿದಳು. ಆ ಓಟ ನೋಡಿಯೇ ಗುರುತು ಹಿಡಿದೆ. ಗಂಡ ಶಕ್ತಿನಗರದಲ್ಲಿ ಗುತ್ತೇದಾರನ ಕೈಕೆಳಗೆ ಕೆಲಸಕ್ಕಿದ್ದನಂತೆ. ಕಂಡಕ್ಟರ್ ಸೀಟಿ ಊದುವವರೆಗೆ ಇದ್ದದ್ದು ಎರಡೇ ಮಾತಿಗೆ ಸಮಯ. ನಾನು ಆ ದಿನದ ಮಾತು ತೆಗೆದು ಕಣ್ಣೀರು ಹಾಕಿದೆ. ಅವಳು ನಕ್ಕಳು. "ನಿನ್ನ ಸಲುವಾಗಿ ನಿಂತೆ ಅಂತ ತಿಳಕೊಂಡೇನ ಬೇ? ನಿನ್ನ ಸಲುವಾಗಿ ಆಗಿದ್ರ ಓಡೇ ಬಿಡ್ತಿದ್ದೆ. ಮಾಸ್ತರ ಹಗ್ಗ ಹಿಡದು ನಿಂತಿದ್ರಲ್ಲ, ಅವರ ಮಾರಿ ನೋಡಿ ನಿಂತೆ." ಬಸ್ಸು ಹೊರಟಿತು. ಮತ್ತೆ ಅವಳನ್ನು ನೋಡಲಿಲ್ಲ. ಹೋದವರನ್ನು ಬಂದವರನ್ನು ಕೇಳಿದೆ, ದೊಡ್ಡಿಗೂ ಹೋಗಿಬಂದೆ. ಅಲ್ಲಿಂದ ಎಲ್ಲರೂ ಎಲ್ಲೆಲ್ಲಿಗೋ ಚದುರಿದ್ದರು. ಈಗ ಅಪ್ಪ, ಅವ್ವ ಇಬ್ಬರೂ ಇಲ್ಲ. ದೇವದುರ್ಗದ ಮನೆ ಇದ್ದಲ್ಲಿ ಅಂಗಡಿಗಳ ಸಾಲು ಎದ್ದಿದೆ.

ತಂಬಿಗೆ ಮಾತ್ರ ಉಳಿದಿದೆ, ಸ್ಟೀಲ್ ಅಲ್ಲವೇ. ಅದರಲ್ಲಿ ನಾನು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಕೊಡಕ್ಕೆ ಹೆಸರು ಹಾಕಿಸಿದ ಮರುದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಅದೇ ಅಂಗಡಿಗೆ ಹೋದೆ. ಕರೆಂಟಿತ್ತು, ಆದರೂ ಸುತ್ತಿಗೆಯಿಂದಲೇ ಆಗಲೆಂದು ಮುದುಕನಿಗೆ ಹೇಳಿ, 'ಪ್ರಥಮ'ದ ಕೆಳಗೆ ಬೀರಮ್ಮ ಅಂತ ಬರೆಸಿದೆ. ಅವನು ಕನ್ನಡಕ ಏರಿಸಿ ನಾಲ್ಕೂ ಸಾಲು ಓದಿದ.

"ಇಬ್ಬರೂ ಫಸ್ಟ್ ಬಂದಿದ್ರೇನ್ರೀ ಅಮ್ಮಾ?"

"ಇಲ್ರೀ. ಫಸ್ಟ್ ಬಂದಾಕಿ ಕೆಳಗಿನಾಕಿ."

"ಮತ್ತ ಮ್ಯಾಲಿನಾಕಿ?"

"ಮ್ಯಾಲಿನಾಕಿ ನಾನು."

ಅವನು ತಂಬಿಗೆಯನ್ನು ಬಟ್ಟೆಯಿಂದ ಒರೆಸಿ ಕೊಟ್ಟ. ಮನೆಗೆ ಬಂದು ನೀರು ತುಂಬಿ ಕುಡಿದೆ. ಕುಡಿಯುವಾಗ ಬೆರಳಿಗೆ ಹಳೆಯ ಚುಕ್ಕಿಗಳು ನುಣುಪಾಗಿ, ಹೊಸವು ತರಿತರಿಯಾಗಿ ತಗುಲಿದವು. ಕರೆದು ತೋರಿಸೋಣವೆಂದರೆ ದೇವದುರ್ಗದ ಆ ಮನೆಯವರು ಯಾರೂ ಉಳಿದಿಲ್ಲ.