ಪರವಾ ಬರುವ ನೀರು

ಇವತ್ತು ಮುಂಜಾನೆ ಓಣಿಯ ನಲ್ಲಿಗೆ ಕೊಡ ಹಚ್ಚಿದಾಗ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಆರು ದಿನದ ಮೇಲೆ ಬಂದ ನೀರು, ವಾಸನೆಯ ಮಾತೆತ್ತುವ ಹಾಗಿಲ್ಲ. ಇಚಲಕರಂಜಿಯ ಮಗ್ಗುಲಲ್ಲೇ ಹೊಳೆ ಹರಿಯುತ್ತದೆ, ನಮ್ಮ ನಲ್ಲಿಗೆ ಮಾತ್ರ ಅದರ ಗುರುತಿಲ್ಲ. ಹಿಂದೆ ಓಣಿಗೆ ನೀರು ಬಿಡುತ್ತಿದ್ದ, ಎಲ್ಲರೂ ಮಾಮಾ ಎನ್ನುತ್ತಿದ್ದ ಮರಾಠಿಯವರು ನೆನಪಾದರು. ಅವರ ಅಂಗಿಗೂ ಇದೇ ವಾಸನೆ ಇರುತ್ತಿತ್ತು...

ನಾನು ದತ್ತವಾಡದಿಂದ ಇಚಲಕರಂಜಿಯ ಈ ಶಹಾಪುರಕ್ಕೆ ಸೊಸೆಯಾಗಿ ಬಂದ ಹೊಸತು. ತವರಿನಲ್ಲಿ ಬಾವಿಗೆ ಕೊಡ ಇಳಿಸಿದರೆ ನೀರು, ಇಲ್ಲಿ ಐದು ದಿನಕ್ಕೊಮ್ಮೆ. ಮಾಮಾ ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಚಾವಿ ಕಟ್ಟಿಕೊಂಡು ಬಂದು ರಸ್ತೆಯ ಗುಂಡಿಯೊಳಗಿನ ವಾಲ್ವ್ ತಿರುಗಿಸುತ್ತಿದ್ದರು. ಅವರು ಹೇಳಿದ ದಿನ ತಪ್ಪುತ್ತಿರಲಿಲ್ಲ. ಓಣಿಯ ಮದುವೆ, ಕುಬಸಗಳೆಲ್ಲ ಅವರನ್ನು ಕೇಳಿಯೇ ಗೊತ್ತಾಗುತ್ತಿದ್ದವು.

ಬಸುರಿ ನಾದಿನಿಯ ಕುಬಸ ಹತ್ತಿರ ಬಂದಿತ್ತು. ಅತ್ತೆಯೂ ಸೇರಿ ಮನೆಯವರೆಲ್ಲ ನನ್ನ ತವರಿಗೆ ಹೋಗಿ, ವಾರದ ಮೇಲೆ ಆವತ್ತಷ್ಟೇ ಬಂದಿದ್ದೆವು. ನೀರು ಯಾವಾಗ ಎಂದು ಕೇಳಿಕೊಂಡು ಬರಲು ಅತ್ತೆ ಕಳಿಸಿದರು. ಮಾಮಾ ತಲೆ ಎತ್ತದೆ "ಪರವಾ" ಎಂದರು. ಮರಾಠಿಯಲ್ಲಿ ಮೊನ್ನೆಗೂ ಪರವಾ, ನಾಡಿದ್ದಿಗೂ ಪರವಾ. ನನಗೆ ಗೊತ್ತಿದ್ದದ್ದು ಮೊನ್ನೆ ಒಂದೇ. ಮೊನ್ನೆ ಬಂದು ಹೋಗಿದೆ, ಮುಂದಿನ ಪಾಳಿ ಸರಿಯಾಗಿ ಕುಬಸದ ಮುಂಜಾನೆ ಎಂದು ಬೆರಳೆಣಿಸಿ ಅತ್ತೆಗೆ ಖುಷಿಯಿಂದ ಹೇಳಿದೆ. ಕುಬಸದ ಹಿಂದಿನ ದಿನ ಮನೆಗೆ ಬೀಗ ಹಾಕಿ ಎಲ್ಲರೂ ನಾದಿನಿಯನ್ನು ಕರೆತರಲು ಗಡಹಿಂಗ್ಲಜಕ್ಕೆ ಹೋದೆವು. ತಿರುಗಿ ಬರುವಷ್ಟರಲ್ಲಿ ನೀರು ಬಂದು ಹೋಗಿತ್ತು.

ಮರುದಿನ ಮನೆತುಂಬ ಬೀಗರು, ಕುಡಿಯಲು ನೀರಿಲ್ಲ. ಅತ್ತೆ ಕೊಡ ಹಿಡಿದು ಮನೆಮನೆ ಬೇಡಿದರು. ಆಮೇಲೆ ಮಾಮಾನನ್ನು ಓಣಿಯ ಹೆಂಗಸರೆದುರೇ ತರಾಟೆಗೆ ತೆಗೆದುಕೊಂಡರು.

"ನೀರ ಮೊನ್ನೆ ಬಂದ ಹೋಗ್ಯಾವ ಅಂತ ನಮ್ಮ ಹುಡಿಗಿಗೆ ಯಾಕ ಸುಳ್ಳ ಹೇಳ್ದಿ?"

ಮಾಮಾ ಒಮ್ಮೆ ನನ್ನ ಕಡೆ ನೋಡಿದರು. ಅವರಿಗೆ ತಿಳಿಯಿತು. "ಹೋ ಮಾವಶೀ, ಚೂಕ ಮಾಝೀಚ," ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

ನಾನು ಬಾಯಿ ಬಿಡಬೇಕಿತ್ತು. ಅತ್ತೆಗೆ ಹೆದರಿ ಸುಮ್ಮನಿದ್ದೆ. ಆವತ್ತಿನಿಂದ ಅವರಿಗೆ ಸುಳ್ಳಮಾಮಾ ಎಂಬ ಹೆಸರು ಬಿತ್ತು. ಎಂದೂ ದಿನ ತಪ್ಪದ ಮನುಷ್ಯನನ್ನು ಜನ ಎರಡೆರಡು ಸಲ ಕೇಳತೊಡಗಿದರು. ಮಾಮಾ ಸಿಟ್ಟಾಗಲಿಲ್ಲ. ನನಗೆ ಮಾತ್ರ ಪರವಾ ಎನ್ನದೆ, ಯಾರಿಂದಲೋ ಕಲಿತ ಕನ್ನಡದಲ್ಲಿ, "ವಹಿನೀ, ನಾಡದ ನೀರ" ಎನ್ನುತ್ತಿದ್ದರು. ಕೇಳಿದಾಗೆಲ್ಲ ನಾಚಿಕೆಯಿಂದ ತಲೆ ತಗ್ಗುತ್ತಿತ್ತು...

ಅತ್ತೆ ಮಾಮಾ ಸುಳ್ಳು ಹೇಳಿದರೆಂದೇ ನಂಬಿಕೊಂಡು ತೀರಿಹೋದರು. ಮಾಮಾ ರಿಟೈರ್ ಆದರು. ಈಗ ಮೊಬೈಲಿಗೆ ಮೆಸೇಜ್ ಬರುತ್ತದೆ. ಮೆಸೇಜ್ ಬಂದ ದಿನ ನೀರಿಲ್ಲ, ನೀರು ಬಂದ ದಿನ ಮೆಸೇಜ್ ಇಲ್ಲ. ಒಮ್ಮೆ ಪೈಪ್ ಒಡೆದಿದೆ ಎನ್ನುತ್ತಾರೆ, ಒಮ್ಮೆ ಮೋಟಾರ್ ಸುಟ್ಟಿದೆ ಎನ್ನುತ್ತಾರೆ. ಬೈದು ಬೈದು ನಮಗೂ ಸಾಕಾಗಿದೆ.

ಇವತ್ತು ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಹೇಳಿದಳು, "ನಮ್ಮ ಸುಳ್ಳಮಾಮಾ ಹ್ವಾದ ವಾರ ತೀರ್ಕೊಂಡನಂತ್ರಿ."

"ಅವರು ಸುಳ್ಳ ಹೇಳಿದ್ದಿಲ್ರಿ," ಎಂದೆ. "ಅವತ್ತಿನ ತಪ್ಪ ನಂದ ಇತ್ತ."

ಇಷ್ಟು ವರ್ಷ ನುಂಗಿಕೊಂಡ ಮಾತು. ಆಕೆ ನನ್ನ ಮುಖವನ್ನೂ ನೋಡಲಿಲ್ಲ.

"ಯಾವತ್ತಿಂದ್ರೀ? ಇರ್ಲಿ ಬಿಡ್ರಿ. ನಿಮ್ಮ ಕೊಡಾ ತುಂಬೇತಿ, ಸರಸ್ರಿ. ನೀರ ಹೊಂಟ್ಹೋಗ್ತಾವ."