ಕೈ ಸೋತೋಯ್ತು

ಕಾಡುಗೋಡಿಯ ನಮ್ಮ ಎದುರು ಮನೆಯ ಅಕ್ಕನಿಗೆ ಸ್ನಾಯುಗಳ ಬಲ ಕುಂದಿಸುವ ಕಾಯಿಲೆಯಿತ್ತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಸಿಕೊಳ್ಳಲು ಬಂದಾಗ ಅವರಿಗೆ ಸಂಕೋಚವೇ ಇರುತ್ತಿರಲಿಲ್ಲ. “ಕೈ ಸೋತೋಯ್ತು ಕಣ್ರೀ,” ಎಂದು ನಗುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು ಮರೆತು ಪಾತ್ರೆ ಸೀದು, ಆ ವಾಸನೆಗೆ ನಾನು ಓಡಿಹೋದ ದಿನವೂ ಅದೇ ಮಾತು ಹೇಳಿದರು. ಅವತ್ತು ನಗಲಿಲ್ಲ.

ಒಂದು ಸಂಜೆ ಅವರು ತಮ್ಮ ಬಾಗಿಲಿನ ನಂಬರ್ ಲಾಕ್ ಎದುರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

“ಕೈ ಸೋತೋಯ್ತು ಕಣ್ರೀ. ಸ್ವಲ್ಪ ನೀವೇ ಒತ್ತಿ.”

“ಸರಿ ಅಕ್ಕ, ನಂಬರ್ ಹೇಳಿ.”

ಅವರ ತುಟಿ ಅಲುಗಿತು, ನಂಬರ್ ಬರಲಿಲ್ಲ. ತಲೆ ತಗ್ಗಿಸಿದರು. ಆಮೇಲೆ, ತುಂಬಿದ ತರಕಾರಿ ಚೀಲವನ್ನು ಗಟ್ಟಿಯಾಗಿ ಹಿಡಿದಿದ್ದ ಆ ಕೈಯನ್ನು ಮೆಲ್ಲಗೆ ಸೆರಗಿನ ಹಿಂದಕ್ಕೆ ಸರಿಸಿಕೊಂಡರು.